ಪತಂಗದ ಮಿದುಳು ಮತ್ತು ಸಂಗಾತಿಯ ಗಂಧ

ತೊಗರಿ, ಕಡಲೆ ಬೆಳೆಗಾರರ ಹಳೆಯ ವೈರಿ ಕಾಯಿಕೊರಕ, ವೈಜ್ಞಾನಿಕ ಹೆಸರು ಹೆಲಿಕೋವರ್ಪ ಆರ್ಮಿಜೆರ. ಇದರ ಹೆಣ್ಣು ಪತಂಗ ಇರುಳಲ್ಲಿ ಸೂಸುವ ಗಂಧದಲ್ಲಿ ಎರಡು ಆಲ್ಡಿಹೈಡ್‌ಗಳು ಮುಖ್ಯ. ಒಂದರ ಪಾಲು ಸುಮಾರು ಶೇ. 97, ಇನ್ನೊಂದರದು ಬರೀ 3. ಗಂಡನ್ನು ಚೆನ್ನಾಗಿ ಸೆಳೆಯಲು ಆ ಚಿಟಿಕೆಯೂ ಬೇಕು.

ಕುಡಿಮೀಸೆಯ ನರಕೋಶಗಳು ಹಿಡಿದ ಸುಳಿವು ಮಿದುಳಿನ ಘ್ರಾಣಹಾಲೆಯಲ್ಲಿ, ಗಂಡಿಗಷ್ಟೇ ಇರುವ ದೊಡ್ಡ ನರಗಂಟುಗಳ ಗುಂಪನ್ನು ತಲುಪುತ್ತದೆ. ಬಲಿಯದ ಹೆಣ್ಣು ಸೂಸುವ ಒಂದು ಆಲ್ಕೊಹಾಲ್ ಅದೇ ಗಂಡನ್ನು ದೂರವಿಡುತ್ತದೆ. ಏಕೆಂದರೆ ಬೇಗ ಕೂಡಿದರೆ ಮೊಟ್ಟೆಗಳು ಪಕ್ವವಾಗಿರುವುದಿಲ್ಲ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ, 1972ರಲ್ಲಿ ಸ್ಥಾಪನೆಯಾದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, 1980ರ ದಶಕದಲ್ಲಿ ಗಂಧದ ಬಲೆಗಳಿಂದ ಈ ಪತಂಗಗಳ ಏರಿಳಿತ ಅಳೆಯಿತು. ಕೃತಕ ಗಂಧಕ್ಕೂ ಗಂಡು ಮರುಳಾಗುತ್ತದೆ. ಆದರೆ ಮೊಟ್ಟೆಯಿಡುವ ಹೆಣ್ಣು ಬಲೆಗೆ ಬೀಳದೆ ಹೊಲದಲ್ಲೇ ಉಳಿಯುತ್ತದೆ.