ಕೆರೆ ಒಳಗಿನ ಜಾಲಿ ಕಡಿಯೋ ಮುಂಚೆ ಒಂದು ಮಾತು

ನಮ್ಮೂರ ಕೆರೆ ಹೂಳು ತೆಗೆಸೋ ಮಾತು ನಡೆದೈತಿ. ಅದರ ಜೊತಿಗೆ ಕೆರೆ ಒಳಗಿನ ಜಾಲಿ ಗಿಡ ಪೂರ್ತಿ ಕಡಿಸಿಬಿಡೋಣ ಅಂತ ಭಾಳ ಮಂದಿ ಅಂತಾರ. ಹೋದ ವರ್ಷ ನಾನೂ ಹಂಗೇ ಅಂದವನು. ಅಂಕಸಮುದ್ರದ ಕೆರೆ ನೋಡಿ ಬಂದ ಮ್ಯಾಲೆ ನನ್ನ ಮಾತು ಬದಲಾಯ್ತು. ಅದಕ್ಕೆ ಇವತ್ತು ಸ್ವಲ್ಪ ಹಿಂದಿನ ಕಥೆ ಬರೀತೀನಿ.

ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸೋದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಅಲ್ಲಿರುವ 1369ರ ಶಾಸನದಲ್ಲಿ ಲೆಕ್ಕ ಐತಿ: ದಿನಾ 1000 ಆಳು, ಕಲ್ಲು ತರಾಕ 100 ಬಂಡಿ, 2 ವರ್ಷದ ಕೆಲಸ. ಒಳ್ಳೆ ಕೆರೆಗೆ 12 ಲಕ್ಷಣ, ಕೆಟ್ಟದ್ದಕ್ಕೆ 6 ದೋಷ ಅಂತಾನೂ ಬರೆಸ್ಯಾರ. ಏರಿಯಿಂದ ನೀರು ಒಸರೋದು ಅದರಾಗ ಒಂದು ದೋಷ.

ಕಟ್ಟಿ ಸುಮ್ಮನೆ ಬಿಡ್ತಿರಲಿಲ್ಲ. ಕೆರೆ ನೋಡಿಕೊಳ್ಳೋರಿಗೆ ಭೂಮಿ ಬಿಟ್ಟುಕೊಡ್ತಿದ್ರು, ಅದಕ್ಕೆ ಕಟ್ಟುಕೊಡಗೆ ಅಂತ ಹೆಸರು. ಹೂಳು ಹೊರೋ ಬಂಡಿ, ಕೋಣಗಳ ಖರ್ಚಿಗೂ ದತ್ತಿ ಇರ್ತಿತ್ತು.

ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯೂ ಶತಮಾನಗಳ ಹಿಂದೆ ಬೇಸಾಯಕ್ಕೆ ಅಂತ ಕಟ್ಟಿದ್ದು. 98.76 ಹೆಕ್ಟೇರು, ಅಂದ್ರೆ ಸುಮಾರು 244 ಎಕರೆ. ನೀರು ನಿಂತಿತು, ಮೀನು ಬೆಳೆದವು, ನೀರಾಗ ನಿಂತ ಕರಿಜಾಲಿ ಮ್ಯಾಲೆ ಹಕ್ಕಿ ಗೂಡು ಕಟ್ಟಿದವು. ಈಗ ಅಲ್ಲಿ 41 ಜಾತಿ ಮೀನು, ಸುಮಾರು 240 ಜಾತಿ ಹಕ್ಕಿ ಲೆಕ್ಕಕ್ಕೆ ಸಿಕ್ಕಾವು. ಬಣ್ಣದ ಕೊಕ್ಕರೆ, ಕೆಂಬರಲು ಎಲ್ಲಾ ಸೇರಿ 30,000ಕ್ಕೂ ಹೆಚ್ಚು ನೀರಹಕ್ಕಿ ತಂಗ್ತಾವು, ಮರಿ ಮಾಡ್ತಾವು. 2017ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಅಂತ ಸಾರಿತು. ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ ಕೊನೆಗೆ ಬಂತು.

ನೀರಿನ ನಡುವೆ ಇರೋ ಗಿಡಕ್ಕೆ ನಾಯಿ, ಬೆಕ್ಕು ಸುಲಭಕ್ಕೆ ಹೋಗಾಕ ಆಗಲ್ಲ. ಹಂಗಾಗಿ ಹಕ್ಕಿ ಅಲ್ಲೇ ಗೂಡು ಕಟ್ಟೋದು. ಅವುಗಳ ಹಿಕ್ಕೆ ನೀರಿಗೆ ಬಿದ್ದು ಮೀನಿನ ಮೇವು ಬೆಳೀತೈತಿ. ಉಳಿದದ್ದು ಹೂಳಿಗೆ ಸೇರ್ತೈತಿ, ಆ ಗೋಡು ನಮ್ಮ ಹೊಲಕ್ಕೆ ಗೊಬ್ಬರ.

ಏರಿ ಮ್ಯಾಲಿನ ಗಿಡದ ಮಾತು ಬ್ಯಾರೆ. ಅದು ಸತ್ತು ಬೇರು ಕೊಳೆತರೆ ಏರಿ ಒಳಗ ತೂತು ಬೀಳ್ತೈತಿ, ಶಾಸನ ಹೇಳಿದ ಒಸರು ಅಲ್ಲಿಂದಲೇ ಶುರು. ಹಂಗಾಗಿ ಏರಿ ಮ್ಯಾಲಿನ ಬಳ್ಳಾರಿ ಜಾಲಿ ಸಣ್ಣದಿದ್ದಾಗಲೇ ಬೇರು ಸಮೇತ ಕಿತ್ತು, ಮಣ್ಣು ತುಂಬಿ ದಮ್ಮಸ್ ಮಾಡೋಣ. ಒಳಗಿನ ಕರಿಜಾಲಿ ಬಿಟ್ಟು ಸುತ್ತ ಹೂಳು ತೆಗೆಯೋಣ. ನಡುವೆ ಒಂದು ಮಡು ಆಳ ಮಾಡಿ, ಬೇಸಿಗ್ಯಾಗ ಆ ನೀರು ಮೀನಿಗೆ ಬಿಡೋಣ.

ಗಿಡದ ಬುಡದಾಗ ಒಂದಿಷ್ಟು ಹೂಳು ಉಳೀತೈತಿ, ಅಷ್ಟು ನೀರು ಕಡಿಮೆ, ಅದು ಖರೇ. ಆದ್ರೆ ಜೆಸಿಬಿ ಒಂದೇ ದಿನದಾಗ ಕೀಳೋ ಗಿಡ, ಮತ್ತೆ ಗೂಡು ಹೊರೋವಷ್ಟು ಬೆಳಿಯಾಕ ಎಷ್ಟು ವರ್ಷ ಬೇಕು ಲೆಕ್ಕ ಹಾಕ್ರಿ. ಗ್ರಾಮಸಭೆಗೆ ಎಲ್ಲರೂ ಬರ್ರಿ, ಕಡಿಬೇಕು ಅನ್ನೋರೂ ಬರ್ರಿ. ಅಲ್ಲೇ ಕೂತು ಮಾತಾಡೋಣ.