ಹೊಸಿಲು ದಾಟದ ಹೊಲಿಗೆ ಯಂತ್ರ

ನಮ್ಮ ಕಡೆ ಶ್ಯಾವಿಗೆ ಒರಳು, ಚಕ್ಕುಲಿ ಒತ್ತು, ಜಮಖಾನೆ, ದೊಡ್ಡ ಕೊಳಗ ಮುಂತಾದವು ಒಂದು ಮನೆಯಲ್ಲಿ ನಿಂತವಲ್ಲ. ಹಬ್ಬ, ಮದುವೆ ಬಂತೆಂದರೆ ನೆಂಟರ ಮನೆಗಳನ್ನೆಲ್ಲ ಸುತ್ತಿ ಬರುತ್ತಿದ್ದವು. ಕೇಳಿದವರಿಗೆ ಇಲ್ಲವೆನ್ನುವುದು ಮರ್ಯಾದೆಯಾಗಿರಲಿಲ್ಲ. ಆದರೆ ಅದೇ ಊರಿನಲ್ಲಿ ಅಕ್ಕಸಾಲಿಗನ ತಕ್ಕಡಿಯನ್ನಾಗಲಿ ದರ್ಜಿಯ ಮಿಷನ್ನನ್ನಾಗಲಿ ಯಾರೂ ಎರವಲು ಕೇಳುತ್ತಿರಲಿಲ್ಲ. ಅವು ಅವರ ಅನ್ನದ ದಾರಿ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಮನೆಯಲ್ಲಿ ಕೂತು ಹೊಲಿಯುವ ಹೆಂಗಸಿನ ಯಂತ್ರ ಯಾವ ಸಾಲಿಗೆ ಸೇರಿದ್ದು? ಒರಳಿನ ಸಾಲಿಗೋ, ತಕ್ಕಡಿಯ ಸಾಲಿಗೋ?

ಅಮೆರಿಕದ ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಬೆಲೆ ಸಾಮಾನ್ಯ ಸಂಸಾರದ ಕೈಗೆ ಎಟುಕುವಂಥದ್ದಲ್ಲ. ಆಗ ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮಾರಾಟ ಆರಂಭಿಸಿದ. ಸ್ವಲ್ಪ ಮುಂಗಡ ಕೊಟ್ಟು ಯಂತ್ರ ಒಯ್ಯುವುದು, ಉಳಿದದ್ದನ್ನು ತಿಂಗಳು ತಿಂಗಳು ತೀರಿಸುವುದು. ಕೊನೆಯ ಕಂತು ಸಲ್ಲುವವರೆಗೂ ಯಂತ್ರ ಕಂಪನಿಯ ಸ್ವತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಈ ಯಂತ್ರ ಭಾರತಕ್ಕೂ ಬಂತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ನಮ್ಮದೇ ಉಷಾ ಹುಟ್ಟಿಕೊಂಡಿತು. ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಶ್ರಮ ಕಂಡು ಮರುಗಿದವನ ಪ್ರೀತಿ ಅದರ ಹಿಂದಿದೆ ಎಂಬುದು ಅವರ ಭಾವನೆಯಾಗಿತ್ತು.

ನನ್ನ ದೊಡ್ಡಮ್ಮ ತಿಪಟೂರಿನಲ್ಲಿ ಇಂಥದೊಂದು ಯಂತ್ರವನ್ನು 1955ರಲ್ಲಿ ಕಂತಿನ ಮೇಲೆ ಕೊಂಡರು. ಗಂಡ ತೀರಿಕೊಂಡಿದ್ದರು, ಇಬ್ಬರು ಮಕ್ಕಳು. ಕುಪ್ಪಸ, ಲಂಗ ಹೊಲಿದೇ ಸಂಸಾರ ಸಾಗಬೇಕಿತ್ತು. ನೆಂಟರು ಯಂತ್ರ ಕೇಳಿದಾಗಲೆಲ್ಲ, "ಇನ್ನೂ ಕಂಪನಿಯವರದು, ಬೇರೆ ಕಡೆ ಸಾಗಿಸೋ ಹಾಗಿಲ್ಲ" ಎನ್ನುತ್ತಿದ್ದರಂತೆ. 1957ರಲ್ಲಿ ಕಂತು ಮುಗಿಯಿತು, ಆ ನೆಪವೂ ಮುಗಿಯಿತು. ಅದೇ ವರ್ಷ ಭಾವನವರ ಮಗಳ ಮದುವೆ. ಒಂದು ತಿಂಗಳ ಮಟ್ಟಿಗೆ ಯಂತ್ರ ಕಳಿಸು ಎಂದು ಅವರು ಕೇಳಿದರು. "ಒಂದೇ ಮನೆತನದಲ್ಲಿ ನಿಂದು ನಂದು ಅಂತ ಏನಮ್ಮ?" ಎಂದರು. ದೊಡ್ಡಮ್ಮ ಬಾಗಿಲ ಮರೆಯಿಂದಲೇ, "ಬಟ್ಟೆ ಕಳಿಸಿ ಭಾವನೋರೇ, ಎಷ್ಟಿದ್ರೂ ಹೊಲಿದು ಕೊಡ್ತೀನಿ, ಕೂಲಿ ಬೇಡ. ಮಿಷನ್ ಮಾತ್ರ ಹೊಸಿಲು ದಾಟೋದಿಲ್ಲ" ಎಂದರಂತೆ.

ಇದು ಜಿಪುಣತನವಲ್ಲ. ಕಾಲಿನಿಂದ ತುಳಿಯುವ ಯಂತ್ರ ಒಬ್ಬರ ಕಾಲಿಗೆ ಒಗ್ಗಿರುತ್ತದೆ. ಪಳಗದವರು ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಸಿಕ್ಕಾಗುತ್ತದೆ, ಸೂಜಿ ಮುರಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ತಿಂಗಳು ಯಂತ್ರವಿಲ್ಲವೆಂದರೆ ಒಂದು ತಿಂಗಳ ಅಕ್ಕಿಯಿಲ್ಲ.

ಭಾವನವರ ಮಾತಿಗೆ ಬಹಳ ಹಳೆಯ ಬೇರಿತ್ತು. ಹೆಣ್ಣು ತನ್ನ ಶಿಲ್ಪದಿಂದ, ಅಂದರೆ ಕೈಕಸುಬಿನಿಂದ, ಗಳಿಸಿದ್ದರ ಮೇಲೆ ಒಡೆತನ ಗಂಡನದು ಎಂದಿದೆ ಕಾತ್ಯಾಯನ ಸ್ಮೃತಿ. ಯಾಜ್ಞವಲ್ಕ್ಯ ಸ್ಮೃತಿ ಇಷ್ಟರ ಮಟ್ಟಿಗೆ ಮೇಲು. ಗಂಡ ಹಿಂದಿರುಗಿಸುವ ಹೊಣೆಯಿಲ್ಲದೆ ಸ್ತ್ರೀಧನ ಬಳಸಿಕೊಳ್ಳಲು ನಾಲ್ಕೇ ಸಂದರ್ಭಗಳನ್ನು ಅದು ಹೇಳುತ್ತದೆ: ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಸ್ತ್ರೀಧನವೆಂಬ ಮಾತಿನ ಅರ್ಥವನ್ನೇ ವಿಸ್ತರಿಸಿದ. ಬ್ರಿಟಿಷರ 1874ರ ಕಾನೂನು ವಿವಾಹಿತೆಯ ದುಡಿಮೆ ಅವಳದೇ ಎಂದಿತಾದರೂ ಹಿಂದೂ, ಮುಸ್ಲಿಂ ಮೊದಲಾದ ಹೆಂಗಸರನ್ನು ಹೊರಗಿಟ್ಟಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದೇ ಕಾಯಿದೆ ಮಾಡಿ ಇತರರಿಗಿಂತ ಮುಂದೆ ಹೋಯಿತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಸ್ವಂತ ಕುಶಲತೆಯಿಂದ, ಶ್ರಮದಿಂದ ಗಳಿಸಿದ್ದನ್ನೂ ಅದರಲ್ಲಿ ಹೆಸರಿಸಿ ಸೇರಿಸಿತು. ಕಾತ್ಯಾಯನ ಕಿತ್ತುಕೊಂಡದ್ದನ್ನು ಈ ಕಲಮು ಮರಳಿ ಕೊಟ್ಟಿತು.

ದೊಡ್ಡಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಓದಿದ್ದು ನಾಲ್ಕನೆಯ ಇಯತ್ತೆ. ಕಾನೂನು ಬಂದು ಒಂದೇ ವರ್ಷವಾಗಿತ್ತು. ಅದು ಅವರ ಮನೆಬಾಗಿಲಿಗೆ ಬಂದು ಭಾವನವರಿಗೆ ಉತ್ತರ ಕೊಡುವಂತಿರಲಿಲ್ಲ. ಉತ್ತರವನ್ನು ಅವರೇ ಕೊಟ್ಟರು, ಬೆಲೆಯನ್ನೂ ತೆತ್ತರು. ಆ ಮದುವೆಗೆ ಅವರಿಗೆ ಕರೆ ಬರಲಿಲ್ಲ. ಎರಡು ವರ್ಷ ಮಾತು ನಿಂತಿತ್ತು. ಗಯ್ಯಾಳಿ ಎಂಬ ಹೆಸರೂ ಬಂತು. ಆದರೆ ಇಬ್ಬರು ಮಕ್ಕಳೂ ಎಸ್‌ಎಸ್‌ಎಲ್‌ಸಿ ಮುಗಿಸಿದರು.

ಇಂದಿಗೂ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವ ಯೋಜನೆಗಳಿವೆ. ಕೊಟ್ಟ ಯಂತ್ರ ಎಷ್ಟು ದಿನ ಅವಳ ಕೈಯಲ್ಲೇ ಉಳಿಯುತ್ತದೆ ಎಂದು ವಿಚಾರಿಸುವವರು ಕಡಿಮೆ. ಮೈದುನನೋ ನಾದಿನಿಯೋ ಕೇಳಿದಾಗ "ಬಟ್ಟೆ ತನ್ನಿ, ಹೊಲಿದು ಕೊಡ್ತೀನಿ" ಎನ್ನುವ ಧೈರ್ಯವನ್ನು ಯಾವ ಯೋಜನೆಯೂ ಯಂತ್ರದ ಜೊತೆ ಕಟ್ಟಿ ಕೊಡಲಾರದು. ಅದನ್ನು ನಮ್ಮ ಹುಡುಗಿಯರಿಗೆ ನಾವೇ ಹೇಳಿಕೊಡಬೇಕು.