ಕಲ್ಬರಹದಿಂದ ಜಾಲಪುಟಕ್ಕೆ

ಮೈಸೂರು ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ನೆಲವು ಬೆಳೆಗೆ ಹೇಗೋ ಬರಹಕ್ಕೂ ಹಾಗೆಯೇ ಹೆಸರಾದುದು. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂಬ ಮೂರು ನದಿಗಳ ದಡಗಳಲ್ಲಿ ಗಂಗರೂ ಚಂಗಾಳ್ವರೂ ಹೊಯ್ಸಳರೂ ಅವರ ತರುವಾಯದ ಅರಸರೂ ದಾನಧರ್ಮಗಳನ್ನು ಮಾಡಿ, ಅವನ್ನು ಶಿಲೆಯ ಮೇಲೆ ಬರೆಸಿ ನಿಲ್ಲಿಸಿದರು. ಚಿಕ್ಕಹನಸೋಗೆಯ ಬಸದಿಯ ಬರಹಗಳು ಇದಕ್ಕೆ ನಿದರ್ಶನ. ಬಿ. ಎಲ್. ರೈಸ್ ಮಹಾಶಯರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ, ೧೮೯೮ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಆಗ ಕೃಷ್ಣರಾಜನಗರವೆಂಬ ಹೆಸರೇ ಇರಲಿಲ್ಲ. ಎಡತೊರೆ ಎಂದೇ ತಾಲ್ಲೂಕಿನ ಹೆಸರು.

ಈ ಶಾಸನಗಳಲ್ಲಿ ದಾನಿಯ ಹೆಸರೂ ಭೂಮಿಯ ಎಲ್ಲೆಕಟ್ಟೂ ಇರುವುದಲ್ಲದೆ, ಕೆಲವುಕಡೆ ಬರಹವನ್ನು ಸಿದ್ಧಪಡಿಸಿದವನ ಹೆಸರೂ ಉಂಟು. ಪಾಠವನ್ನು ರಚಿಸಿದವನೊಬ್ಬ, ಅದನ್ನು ಕಲ್ಲಿನ ಮೇಲೆ ಬರೆದವನೊಬ್ಬ, ಉಳಿ ಹಿಡಿದು ಕೆತ್ತಿದ ರೂವಾರಿಯೊಬ್ಬ; ಹೀಗೆ ಮೂವರ ಕೈ ಸೇರಿ ಒಂದು ಶಾಸನವಾಗುತ್ತಿತ್ತು. ಅರಸನ ಆಜ್ಞೆಯು ಎಷ್ಟೇ ದೊಡ್ಡದಾಗಿರಲಿ, ಜನರಿಗೆ ಅದು ತಲುಪುತ್ತಿದ್ದುದು ಈ ಮೂವರ ಎಚ್ಚರದಿಂದಲೇ. ಇಂದು ಆ ಸ್ಥಾನದಲ್ಲಿ ನಿಂತಿರುವವನು ಯಾರೆಂದು ವಿಚಾರಿಸಿದರೆ, ಜನರು ವೆಬ್ ಡೆವಲಪರ್ ಎಂದು ಕರೆಯುವ ಜಾಲಪುಟಗಳ ರಚನಕಾರನೇ ಎಂದು ಹೇಳಬೇಕಾಗುತ್ತದೆ. ಈತನ ಕಸುಬು ಹುಟ್ಟಿ ನಾಲ್ಕು ದಶಕಗಳೂ ತುಂಬಿಲ್ಲ. ಆದರೂ ಅದಕ್ಕೊಂದು ಚರಿತ್ರೆಯುಂಟು, ಆ ಚರಿತ್ರೆಯಲ್ಲಿ ಕನ್ನಡಕ್ಕೂ ಈ ನಾಲ್ಕು ತಾಲ್ಲೂಕುಗಳಿಗೂ ಪಾಲುಂಟು.

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಪಂಡಿತನು ೧೯೮೯ರಲ್ಲಿ ಜಾಲದ ಕಲ್ಪನೆಯನ್ನು ಬರೆದಿಟ್ಟನು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯು ಈ ವಿದ್ಯೆಯನ್ನು ಯಾವ ಶುಲ್ಕವೂ ಇಲ್ಲದೆ ಸಕಲರಿಗೂ ಬಿಟ್ಟುಕೊಟ್ಟಿತು. ಪುಟದ ಅಂಗಾಂಗಗಳನ್ನು ನಿರ್ದೇಶಿಸಲು ಎಚ್‌ಟಿಎಂಎಲ್ ಎಂಬ ಭಾಷೆ. ಅದರ ಅಲಂಕಾರಕ್ಕೆ ೧೯೯೬ರಲ್ಲಿ ಪ್ರಮಾಣವಾಗಿ ಪ್ರಕಟವಾದ ಸಿಎಸ್‌ಎಸ್. ಅದರ ಚಲನವಲನಗಳಿಗೆ ೧೯೯೫ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್. ಪೂರ್ವದಲ್ಲಿ ಮೂವರು ಮಾಡುತ್ತಿದ್ದ ಕೆಲಸಕ್ಕೆ ಈಗ ಮೂರು ಭಾಷೆಗಳಾದುವು. ಅನೇಕ ವೇಳೆ ಒಬ್ಬನೇ ಮೂರನ್ನೂ ನಿರ್ವಹಿಸಬೇಕಾಯಿತು. ಭಾರತದಲ್ಲಿ ಸಾಮಾನ್ಯಜನರಿಗೆ ಇಂಟರ್ನೆಟ್ಟಿನ ಬಾಗಿಲು ತೆರೆದದ್ದು ೧೯೯೫ನೆಯ ಆಗಸ್ಟ್ ೧೫ರಂದು.

ಕನ್ನಡದ ಪ್ರವೇಶವಾದರೋ ಸುಲಭವಾಗಿ ಆಗಲಿಲ್ಲ. ಡಾ. ಯು. ಬಿ. ಪವನಜರು ೧೯೯೬ರಲ್ಲಿ ವಿಶ್ವಕನ್ನಡವೆಂಬ ಜಾಲಪತ್ರಿಕೆಯನ್ನು ಹೊರಡಿಸಿದರು. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶವೂ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದುವು. ಕೀಲಿಮಣೆಯ ವಿಷಯದಲ್ಲಿ ಕೆ. ಪಿ. ರಾವ್ ಅವರ ಉಪಕಾರ ದೊಡ್ಡದು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಉಚ್ಚಾರಣೆಗನುಸಾರವಾಗಿ ಅಳವಡಿಸಿ, ಒಂದು ಕೀಲಿಯನ್ನು ಒತ್ತಕ್ಷರದ ಕೂಡಿಕೆಗೆ ಮೀಸಲಿಟ್ಟ ಅವರ ವಿನ್ಯಾಸವು ವ್ಯಾಕರಣವನ್ನು ಬಲ್ಲವನ ಕೆಲಸವೆಂಬುದು ನೋಡಿದೊಡನೆ ತಿಳಿಯುತ್ತದೆ.

ಆದರೆ ಆ ಕಾಲದಲ್ಲಿ ಒಂದು ದೊಡ್ಡ ದೋಷವಿತ್ತು. ಯಂತ್ರದೊಳಗೆ ಶೇಖರವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ತುಂಡುಗಳು. ತಲೆಕಟ್ಟು, ಕೊಂಬು, ದೀರ್ಘ, ಒತ್ತುಗಳೆಂಬ ಚಿತ್ರಖಂಡಗಳಿಗೆ ಒಂದೊಂದು ತಂತ್ರಾಂಶವೂ ತನ್ನದೇ ಅಂಕೆಗಳನ್ನು ಕೊಟ್ಟುಕೊಂಡಿತ್ತು. ಆದಕಾರಣ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಓದುವವನು ಮೊದಲು ಅದರದೇ ಫಾಂಟನ್ನು ತಂದು ಹಾಕಿಕೊಳ್ಳಬೇಕು. ಹುಡುಕಲು ಹೋದರೆ ಪದ ಸಿಕ್ಕದು.

ಇದಕ್ಕೆ ಪರಿಹಾರವು ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪ್ರಮಾಣದಿಂದ ದೊರೆಯಿತು. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಖಂಡವಿತ್ತು. ಭಾರತದ ೧೯೮೮ರ ಇಸ್ಕಿ ಸಂಕೇತವು ಅದಕ್ಕೆ ಆಧಾರ. ಇದರಲ್ಲಿ ಶೇಖರವಾಗುವುದು ಕಣ್ಣಿಗೆ ಕಾಣುವ ಆಕಾರವಲ್ಲ, ಕಿವಿಗೆ ಕೇಳುವ ವರ್ಣ. ಉದಾಹರಣೆಗೆ ಹುಣಸೂರಿನ ಪಕ್ಕದಲ್ಲಿಯೇ ಹರಿಯುವ ಲಕ್ಷ್ಮಣತೀರ್ಥದ ಹೆಸರನ್ನು ತೆಗೆದುಕೊಳ್ಳಬಹುದು. ಕಣ್ಣಿಗೆ ಅದು ಐದು ಅಕ್ಷರ. ಯಂತ್ರಕ್ಕಾದರೋ ಹನ್ನೆರಡು ಸಂಕೇತ: ಲಕಾರ, ಕಕಾರ, ಹಲಂತ, ಷಕಾರ, ಮತ್ತೆ ಹಲಂತ, ಮಕಾರ, ಣಕಾರ, ತಕಾರ, ಈಕಾರದ ಗುಣಿತ, ರೇಫ, ಹಲಂತ, ಥಕಾರ. ಬರೆಯುವಾಗ ಅರ್ಕಾವೊತ್ತು ಥಕಾರದ ಹಿಂದೆ ಬಂದರೂ ಶೇಖರಣೆಯಲ್ಲಿ ರೇಫವೇ ಮುಂಚೆ ನಿಲ್ಲುತ್ತದೆ. ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳೆಂದು ಪಾಠಶಾಲೆಯಲ್ಲಿ ಕೇಳಿದಾಗ ಬಾಲಕನು ಯಾವ ಕ್ರಮದಲ್ಲಿ ಹೇಳುತ್ತಿದ್ದನೋ ಯಂತ್ರದ ಕ್ರಮವೂ ಅದೇ.

ಇದರಲ್ಲಿ ಸೂಕ್ಷ್ಮಗಳೂ ಉಂಟು. ರೇಫದ ಮೇಲೆ ಯಕಾರ ಬಂದಾಗ ಅರ್ಕಾವೊತ್ತಿನಿಂದ ಬರೆಯದೆ ರ‍್ಯ ಎಂದು ಒತ್ತಿನಿಂದ ಬರೆಯಬೇಕಾದರೆ, ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಕೆಯ ಸಂಕೇತವನ್ನು ಇಡಬೇಕು. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆಯಾದರೂ ಅದರ ಇಂಗ್ಲಿಷ್ ನಾಮಧೇಯವು ತಪ್ಪಾಗಿ ‘ಫ’ ಎಂದು ಬಿದ್ದುಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪ್ರಮಾಣದ ನಿಯಮವಾದುದರಿಂದ, ತಪ್ಪೆಂದು ಟಿಪ್ಪಣಿ ಬರೆದರೇ ಹೊರತು ಹೆಸರನ್ನು ತಿದ್ದಲಿಲ್ಲ. ಕಲ್ಲಿನಲ್ಲಿ ಬಿದ್ದ ತಪ್ಪಿಗೂ ಇದಕ್ಕೂ ಭೇದವೇನು? ಪುರಾತನ ಬರಹಗಳಲ್ಲಿ ಕಾಣುವ ನಕಾರದ ಪೊಲ್ಲಿಗೆ ೨೦೨೧ರಲ್ಲಿ ಸ್ಥಾನವಾಯಿತು. ಹಳೆಯ ಶಾಸನವೊಂದನ್ನು ಇದ್ದಂತೆಯೇ ಜಾಲಪುಟಕ್ಕೆ ಏರಿಸಬೇಕೆನ್ನುವವರಿಗೆ ಇದು ಸಣ್ಣ ಲಾಭವಲ್ಲ.

ಅದಂತಿರಲಿ, ಈ ಅಕ್ಷರವಿಚಾರವು ರೈತನಿಗೆ ಏತಕ್ಕೆ ಬೇಕೆಂದು ಕೇಳಬಹುದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ಗೇಣಿ ಮಾಡುತ್ತಿದ್ದವನು ಹಕ್ಕುದಾರನಾದನು. ಹಕ್ಕು ದೊರೆತದ್ದು ನ್ಯಾಯಮಂಡಳಿಯಲ್ಲಿ. ಅದು ನೆಲೆನಿಂತದ್ದು ಪಹಣಿಯ ಕಾಲಮ್ಮಿನಲ್ಲಿ, ಒಂದು ಹೆಸರಾಗಿ. ಅದಕ್ಕೆ ಮೊದಲೇ, ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದಿದ್ದರು. ಕೈಬರಹದ ಪಹಣಿಗಳನ್ನು ಗಣಕಕ್ಕೆ ಏರಿಸುವ ಭೂಮಿ ಯೋಜನೆಯು ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗವಾಗಿ ಆರಂಭವಾಗಿ, ೨೦೦೨ರ ವೇಳೆಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ವ್ಯಾಪಿಸಿತು. ಸುಮಾರು ೬೭ ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳು ಹೀಗೆ ಗಣಕವನ್ನು ಸೇರಿದುವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟವನಿಗೆ ಪಹಣಿ ದೊರೆಯುವಂತಾಯಿತು. ಈಗ ಅದೇ ಪಹಣಿಯನ್ನು ಜಾಲಪುಟದಲ್ಲಿ ಮನೆಯಿಂದಲೇ ನೋಡಬಹುದು.

ಆದಕಾರಣ ಪುಟವನ್ನು ರಚಿಸುವವನ ಅಲಕ್ಷ್ಯವು ಈಗ ಹೊಲದವರೆಗೆ ಮುಟ್ಟುತ್ತದೆ. ಹೆಸರಿಗೆ ಇಪ್ಪತ್ತು ಸ್ಥಾನ ಸಾಕೆಂದು ಇಂಗ್ಲಿಷಿನ ಲೆಕ್ಕದಲ್ಲಿ ನಿರ್ಣಯಿಸಿದ ಒಂದು ಪುಟವನ್ನು ಊಹಿಸಬಹುದು. ೧೯೯೨ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ರೂಪಿಸಿ ಇಂದು ಎಲ್ಲೆಲ್ಲಿಯೂ ರೂಢಿಯಲ್ಲಿರುವ ಯುಟಿಎಫ್-೮ ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ಲಕ್ಷ್ಮಣತೀರ್ಥಕ್ಕೆ ಮೂವತ್ತಾರು ಬೇಕೆಂದಾಯಿತು. ಇಪ್ಪತ್ತಕ್ಕೆ ಕತ್ತರಿಸಿದರೆ ತೀರ್ಥವು ಹೋಗುವುದಲ್ಲದೆ ಲಕ್ಷ್ಮಣನ ಣಕಾರವೂ ಉಳಿಯದು. ರೈತನ ಹೆಸರು ಪಹಣಿಯಲ್ಲೊಂದು, ಆಧಾರಿನಲ್ಲೊಂದು, ಬ್ಯಾಂಕಿನಲ್ಲೊಂದು ಎಂದಾದರೆ, ೨೦೧೯ರಲ್ಲಿ ಆರಂಭವಾದ ಕಿಸಾನ್ ಸಮ್ಮಾನದ ಹಣಕ್ಕಾಗಲಿ ಬೆಳೆಯ ವಿಮೆಗಾಗಲಿ ಅವನು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕೋಟೆಯಿಂದ ಸರಗೂರೂ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಬೇರೆ ತಾಲ್ಲೂಕುಗಳಾಗಿವೆಯಷ್ಟೆ. ತಾಲ್ಲೂಕುಗಳ ಪಟ್ಟಿಯನ್ನು ಪುಟದಲ್ಲಿ ತಿದ್ದದಿದ್ದರೆ ಅಲ್ಲಿಯ ನಿವಾಸಿಯು ತನ್ನ ಊರನ್ನೇ ಆರಿಸಲಾರನು.

ಇನ್ನು ಈ ಕರ್ಮಿಯ ದಿನಚರಿ. ಹೊಗೆಸೊಪ್ಪು, ಮುಸುಕಿನಜೋಳ, ಶುಂಠಿ, ಬತ್ತಗಳನ್ನು ಬೆಳೆಯುವ ಮನೆಗಳ ಮಕ್ಕಳು ಇಂಜಿನಿಯರಿಂಗನ್ನೋ ಡಿಪ್ಲೊಮವನ್ನೋ ಓದಿ, ಕೃಷ್ಣರಾಜನಗರದಿಂದ ರೈಲಿನಲ್ಲಿ, ಹುಣಸೂರು ಪಿರಿಯಾಪಟ್ಟಣಗಳಿಂದ ಬಸ್ಸಿನಲ್ಲಿ, ಮೈಸೂರಿಗೆ ಹೋಗಿ ಕೆಲಸ ಹಿಡಿಯುವುದುಂಟು. ಹೆಚ್ಚಿನವರು ಬೆಂಗಳೂರನ್ನು ಸೇರುವರು. ಬೆಳಗ್ಗೆ ಹದಿನೈದು ನಿಮಿಷದ ಸಭೆ. ನಿನ್ನೆ ಏನಾಯಿತು, ಇಂದು ಏನಾಗಬೇಕು, ಎಲ್ಲಿ ತಡೆಯಾಗಿದೆ ಎಂಬ ಮೂರೇ ಪ್ರಶ್ನೆ. ಅನಂತರ ಟಿಕೆಟ್ಟುಗಳೆಂದು ಕರೆಯಲಾಗುವ ದೂರುಗಳ ಪರಿಶೀಲನೆ. ಹೊಸದನ್ನು ಬರೆಯುವುದಕ್ಕಿಂತ ಹಿಂದೆ ಇನ್ನೊಬ್ಬನು ಬರೆದದ್ದನ್ನು ಓದಿ ತಪ್ಪನ್ನು ಹುಡುಕುವುದರಲ್ಲಿಯೇ ದಿನವು ಕಳೆಯುವುದುಂಟು. ಬರೆದದ್ದನ್ನು ಸಹೋದ್ಯೋಗಿಯೊಬ್ಬನು ಒಪ್ಪಿದ ಹೊರತು ಅದು ಮುಂದಕ್ಕೆ ಹೋಗದು. ಜನಸಂದಣಿಯಿಲ್ಲದ ರಾತ್ರಿಯ ಹೊತ್ತಿನಲ್ಲಿ ಪುಟವನ್ನು ಬದಲಾಯಿಸಿ, ಬೆಳಗಿನ ಜಾವದವರೆಗೆ ಕಾವಲಿರುವುದೂ ಉಂಟು. ಎಲ್ಲವೂ ಸರಿಯಾದರೆ ಯಾರೂ ಅವನನ್ನು ನೆನೆಯರು. ಕೆಟ್ಟರೆ ಮಾತ್ರ ದೂರವಾಣಿ ಬಡಿಯುತ್ತದೆ. ೨೦೨೦ನೆಯ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಇಂಥವರಲ್ಲಿ ಅನೇಕರು ಹಳ್ಳಿಗೆ ಹಿಂದಿರುಗಿ, ಸಿಗ್ನಲ್ ದೊರೆಯುವ ಜಗುಲಿಯನ್ನೋ ತಾರಸಿಯನ್ನೋ ಹುಡುಕಿಕೊಂಡು ಕೆಲಸ ಮಾಡಿದರು. ಕಂಪ್ಯೂಟರಿನ ಮುಂದೆ ಕುಳಿತು ಮಗನು ಮಾಡುವುದೇನೆಂದು ತಂದೆತಾಯಿಗಳು ಕಣ್ಣಾರೆ ಕಂಡದ್ದು ಆಗಲೇ.

ಈ ಕಸುಬಿನವರ ಸಮುದಾಯದಲ್ಲಿ ಗಮನಾರ್ಹವಾದ ಒಂದು ಧರ್ಮವಿದೆ. ಯಾವ ಜಾಲಪುಟವನ್ನಾದರೂ ತೆರೆದು, ಬ್ರೌಸರಿಗೆ ಬಂದ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು. ಬಹುಮಂದಿ ಈ ವಿದ್ಯೆಯನ್ನು ಕಲಿತದ್ದು ಹಾಗೆಯೇ. ಕಲಿತವನು ಕೇಳಿದವನಿಗೆ ಹೇಳಿಕೊಡುವನು. ಗುರುದಕ್ಷಿಣೆಯಾಗಿ ಅವನು ಮತ್ತೊಬ್ಬನಿಗೆ ಹೇಳುವನು. ೨೦೦೫ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ಸಾಧನದಲ್ಲಿ ಯಾವ ಸಾಲನ್ನು ಯಾರು ಎಂದು ತಿದ್ದಿದರು, ಏತಕ್ಕೆ ತಿದ್ದಿದರು ಎಂಬುದೆಲ್ಲ ಹಳೆಯ ಕಡತದಲ್ಲಿದ್ದಂತೆ ದಾಖಲಾಗಿರುತ್ತದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೂ, ತುಂಡಕ್ಷರದ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನೂ ಬೆಳೆಸಿದವರಲ್ಲಿ ವೇತನವಿಲ್ಲದೆ ದುಡಿದವರೇ ಬಹುಮಂದಿ.

ಪೂರ್ವದ ಲೇಖಕವೃತ್ತಿಯು ಕೆಲವು ಮನೆತನಗಳ ಸೊತ್ತಾಗಿತ್ತು. ಸಂಸ್ಕೃತ ಪಾಠಶಾಲೆಯ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಈ ಹೊಸ ವಿದ್ಯೆಗೆ ಅಂಥ ಕಟ್ಟಿಲ್ಲವೆಂಬುದು ನಿಜ; ಆದರೆ ಬೇರೆ ಕಟ್ಟುಗಳು ಉಂಟು. ವಿದ್ಯೆಯ ಭಾಷೆ ಇಂಗ್ಲಿಷು. ಕಾಡಂಚಿನ ಹಾಡಿಯ ಜೇನುಕುರುಬರ ಬಾಲಕನಿಗೆ ಸಿಗ್ನಲ್ಲೂ ಯಂತ್ರವೂ ಸುಲಭವಾಗಿ ದೊರೆಯವು. ಬಾಗಿಲು ತೆರೆದಿದೆಯೆಂದು ಸಾರಿದರೆ ಸಾಲದು, ಅಲ್ಲಿಯವರೆಗೆ ದಾರಿಯೂ ಆಗಬೇಕು.

ಕಲ್ಲು ಸ್ಥಿರ, ಜಾಲಪುಟ ಅಸ್ಥಿರ ಎಂದು ಹೇಳುವುದು ವಾಡಿಕೆ. ಈ ಸೀಮೆಯ ಚರಿತ್ರೆಯನ್ನು ಬಲ್ಲವರು ಹಾಗೆ ಸುಲಭವಾಗಿ ಹೇಳಲಾರರು. ಪುನ್ನಾಟದ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ, ಕೋಟೆ ತಾಲ್ಲೂಕಿನ ಕಿತ್ತೂರಿನ ನೆಲವನ್ನು ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಆವರಿಸಿತು. ಕಲ್ಲನ್ನು ನೀರು ನುಂಗಿದರೂ ಬರಹವನ್ನು ಉಳಿಸುವುದು, ಯಾರೋ ಸಕಾಲದಲ್ಲಿ ಮಾಡಿಕೊಂಡ ಪ್ರತಿ. ಜಾಲಪುಟಕ್ಕೂ ಇದೇ ನ್ಯಾಯ. ತುಂಡಕ್ಷರಗಳ ಕಾಲದ ಕನ್ನಡ ಪುಟಗಳಲ್ಲಿ, ಯಾರಾದರೂ ಪರಿವರ್ತಿಸಿದವು ಉಳಿದುವು. ಮಿಕ್ಕವು, ಎಲ್ಲಿಯಾದರೂ ಇದ್ದರೂ, ಓದಲು ಬಾರದ ಗೀಟುಗಳಾಗಿವೆ. ಅಕ್ಷರವೆಂದರೆ ಕ್ಷಯವಿಲ್ಲದ್ದು ಎಂದು ಶಾಸ್ತ್ರಜ್ಞರು ನಿರ್ವಚನ ಮಾಡುವರು. ಆದರೆ ಪ್ರತಿ ಮಾಡುವವನಿಲ್ಲದೆ ಯಾವ ಅಕ್ಷರವೂ ಅಕ್ಷಯವಾಗಿ ಉಳಿದಿಲ್ಲ.

ಈ ನಾಲ್ಕು ತಾಲ್ಲೂಕುಗಳಿಂದ ಹೊರಟ ಜಾಲಪುಟದ ಕುಶಲಕರ್ಮಿಗಳು ತಾವು ರಚಿಸುವ ಪುಟವನ್ನು ಪರೀಕ್ಷಿಸುವಾಗ ಇಂಗ್ಲಿಷಿನ ಹುಸಿಹೆಸರೊಂದನ್ನು ತುಂಬಿ ಸುಮ್ಮನಾಗದೆ, ಲಕ್ಷ್ಮಣತೀರ್ಥವನ್ನೂ ಹೆಗ್ಗಡದೇವನಕೋಟೆಯನ್ನೂ ತಮ್ಮ ಅಜ್ಜಿಯ ಪೂರ್ಣ ಹೆಸರನ್ನೂ ತುಂಬಿ ನೋಡುವುದು ಯುಕ್ತ. ತಮ್ಮ ತಮ್ಮ ಊರಿನ ಒಂದೊಂದು ಶಾಸನದ ಪಾಠವನ್ನಾದರೂ ತಪ್ಪಿಲ್ಲದೆ ಜಾಲಕ್ಕೆ ಏರಿಸಿದರೆ, ಹಿಂದೆ ಹೆಸರಿಲ್ಲದೆ ದುಡಿದ ರೂವಾರಿಗಳ ಋಣವೂ ಸ್ವಲ್ಪಮಟ್ಟಿಗೆ ತೀರಿದಂತಾಗುವುದು.